ಗ್ರೈಮ್: ತಪ್ಪುಗಳೂ ತಪ್ಪೆನಿಸಿಕೊಂಡವೂ

ಲಂಡನ್ ನಗರದ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳು 1960ರ ದಶಕದ ಕೊನೆಯಿಂದ 1981ರವರೆಗೆ ಒಂದರ ಹಿಂದೊಂದು ಮುಚ್ಚಿಹೋದ ತರುವಾಯ, ಅವುಗಳನ್ನೇ ನೆಚ್ಚಿ ಬಾಳುತ್ತಿದ್ದ ಬೋ, ಪಾಪ್ಲರ್ ಮೊದಲಾದ ಬಡಾವಣೆಗಳಲ್ಲಿ ಉಳಿದುದು ಪೌರಸಭೆಯವರು ಕಟ್ಟಿಸಿದ ಎತ್ತರದ ವಸತಿಗೃಹಗಳೂ, ಹಿಂದಿನಿಂದ ಅಲ್ಲೇ ಇದ್ದ ಬಿಳಿಯ ಕೂಲಿಕಾರರ ಜೊತೆಗೆ ಕೆರಿಬಿಯನ್ ದ್ವೀಪಗಳಿಂದಲೂ ಪಶ್ಚಿಮ ಆಫ್ರಿಕದಿಂದಲೂ ಬಂಗಾಳದಿಂದಲೂ ಬಂದು ನೆಲಸಿದ ಕುಟುಂಬಗಳೂ. ಇವರ ಕಿಟಕಿಗಳ ಎದುರಿಗೇ, ಆ ಹಳೆಯ ಕಟ್ಟೆಗಳ ನೆಲದಲ್ಲಿಯೇ, 1991ರಲ್ಲಿ ಕೆನರಿ ವಾರ್ಫ್ ಗೋಪುರವೆದ್ದು, ಅಂದಿಗೆ ಬ್ರಿಟನ್ನಿನಲ್ಲೆಲ್ಲ ಅತ್ಯುನ್ನತವಾದ ಕಟ್ಟಡವೆಂಬ ಕೀರ್ತಿಗೆ ಪಾತ್ರವಾಯಿತು. ಅದರೊಳಗಣ ಐಶ್ವರ್ಯ ಮಾತ್ರ ಎದುರುಮನೆಯವರ ಪಾಲಿಗೆ ರಾತ್ರಿಯಲ್ಲಿ ಕಾಣುವ ದೀಪವಷ್ಟೇ ಆಗಿತ್ತು.

ಈ ನೆಲದಲ್ಲಿ, ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ಮೂರು ವರ್ಷಗಳಲ್ಲಿ, ಮೀಸೆ ಮೂಡುವ ವಯಸ್ಸಿನ ಹುಡುಗರ ಕೈಯಲ್ಲಿ ಹುಟ್ಟಿದ ಸಂಗೀತಕ್ಕೆ ಗ್ರೈಮ್ ಎಂಬ ಹೆಸರು ನಿಂತಿದೆ. ನಿಮಿಷಕ್ಕೆ ಸುಮಾರು 140 ಬಡಿತಗಳ ಓಟ, ಎದೆ ನಡುಗಿಸುವ ಮಂದ್ರಧ್ವನಿ, ಅದರ ಮೇಲೆ ಉಸಿರಿಗೆ ಎಡೆಗೊಡದೆ ಸುರಿಯುವ ಪ್ರಾಸಬದ್ಧವಾದ ಮಾತು: ಇಷ್ಟೇ ಅದರ ಸಾಮಗ್ರಿ. ಅದರ ವಂಶವನ್ನು ಅರಸಿದರೆ ಜಮೈಕದ ಸೌಂಡ್ ಸಿಸ್ಟಂ ಪರಂಪರೆಯೂ, 1990ರ ದಶಕದ ಜಂಗಲ್, ಗ್ಯಾರೇಜ್ ಎಂಬ ನರ್ತನ ಸಂಗೀತಗಳೂ ಕಾಣಸಿಗುತ್ತವೆ; ವಾದ್ಯಗಳನ್ನು ಅರಸಿದರೆ ಮಾತ್ರ ಫ್ರೂಟಿ ಲೂಪ್ಸ್ ಎಂಬ ಕಂಪ್ಯೂಟರ್ ತಂತ್ರಾಂಶವೂ, ಪ್ಲೇಸ್ಟೇಷನ್ ಯಂತ್ರದಲ್ಲಿ ಸ್ವರ ಕೂಡಿಸುವ ಒಂದು ಆಟವೂ ಹೊರತು ಹೆಚ್ಚಿನದೇನೂ ದೊರೆಯದು. ಎಂ.ಸಿ. ಎನಿಸಿಕೊಂಡ ಈ ಮಾತುಗಾರರು, ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳದವರಂತೆ, ಎದುರುಬದುರು ನಿಂತು ಒಬ್ಬರನ್ನೊಬ್ಬರು ಪದಗಳಿಂದಲೇ ಕೆಡವಲು ಹವಣಿಸುತ್ತಿದ್ದರು. ಒಂದು ಸಾಲು ಸಭೆಗೆ ಹಿಡಿಸಿತೆಂದರೆ ಡಿ.ಜೆ.ಯಾದವನು ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ನುಡಿಸಬೇಕು. ರೀಲೋಡ್ ಎಂಬ ಈ ಮನ್ನಣೆಗಿಂತ ದೊಡ್ಡ ಬಿರುದು ಅಲ್ಲಿ ಇರಲಿಲ್ಲ. ಜ್ಯಾಮರ್ ಎಂಬಾತನ ಮನೆಯ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಇಂಥ ಕಾಳಗಗಳು ‘ಲಾರ್ಡ್ ಆಫ್ ದ ಮೈಕ್ಸ್’ ಎಂಬ ಹೆಸರಿನ ಡಿ.ವಿ.ಡಿ.ಗಳಾಗಿ ಕೈಯಿಂದ ಕೈಗೆ ಹರಡಿದವು.

ಇವರಿಗೆ ಶ್ರೋತೃಗಳನ್ನು ಒದಗಿಸಿಕೊಟ್ಟುದು ಪರವಾನಗಿಯಿಲ್ಲದ ಕಳ್ಳ ರೇಡಿಯೊ ಕೇಂದ್ರಗಳು. 1994ರಲ್ಲಿ ಮೊದಲಾದ ರಿನ್ಸ್ ಎಫ್.ಎಂ. ಅವುಗಳಲ್ಲಿ ಮುಖ್ಯವಾದುದು. ವಸತಿಗೋಪುರದ ತಾರಸಿಯ ಮೇಲೆ ಏರಿಯಲ್ ಕಟ್ಟಿ, ಪ್ರಸಾರ ನಡೆಸುವುದು. ಸರಕಾರದವರು ಬಂದು ಯಂತ್ರವನ್ನು ಕಿತ್ತೊಯ್ದರೆ ಮತ್ತೊಂದನ್ನು ಹೊಂದಿಸಿಕೊಂಡು ಇನ್ನೊಂದು ತಾರಸಿಯನ್ನೇರುವುದು. ಈ ಕೇಂದ್ರದ ಸ್ಥಾಪಕರಲ್ಲೊಬ್ಬನಾದ ಸ್ಲಿಮ್ಜಿ ಎಂಬ ಡಿ.ಜೆ.ಗೆ 2005ರಲ್ಲಿ, ಟವರ್ ಹ್ಯಾಮ್ಲೆಟ್ಸ್ ಪ್ರಾಂತದಲ್ಲಿ ನಾಲ್ಕು ಅಂತಸ್ತಿಗಿಂತ ಎತ್ತರವಾದ ಯಾವ ಕಟ್ಟಡದ ತಾರಸಿಯನ್ನೂ ಏರಕೂಡದೆಂದು ನ್ಯಾಯಾಲಯದ ಆಜ್ಞೆಯಾಯಿತು. ಸಂಗೀತಗಾರನೊಬ್ಬನಿಗೆ ಎತ್ತರವನ್ನೇ ನಿಷೇಧಿಸಿದ ಇಂಥ ತೀರ್ಪು ಬೇರೆಲ್ಲಾದರೂ ಇದ್ದೀತೆಂದು ನನಗೆ ತೋರದು. ಅದೇ ರಿನ್ಸ್ ಕೇಂದ್ರಕ್ಕೆ 2010ರಲ್ಲಿ ಸರಕಾರದ ಪರವಾನಗಿ ದೊರೆಯಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಗ್ರೈಮ್‌ಗೆ ತಾನು ಯಾರೆಂಬ ಪ್ರಶ್ನೆ ಮೊದಲು ಎದುರಾದುದು ಶತ್ರುಗಳಿಂದಲ್ಲ, ಸ್ವಂತ ಮನೆಯ ಹಿರಿಯರಿಂದ. ಗ್ಯಾರೇಜ್ ಸಂಗೀತದವರು ಒಳ್ಳೆಯ ಷರ್ಟು, ಹೊಳೆಯುವ ಬೂಟು ಧರಿಸಿ ಷಾಂಪೇನ್ ಹಿಡಿದು ನಲಿಯುವ ಮಂದಿ. 2001ರಲ್ಲಿ ಸೋ ಸಾಲಿಡ್ ಕ್ರೂ ಎಂಬ ತಂಡದ ಹಾಡು ದೇಶದ ಮಾರಾಟಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೇರಿ, ಅದರ ಸುತ್ತ ಹಿಂಸೆಯ ಸುದ್ದಿಗಳು ಹಬ್ಬಲಾಗಿ, ಟ್ರ್ಯಾಕ್‌ಸೂಟು ತೊಟ್ಟು ಬರುವ ಒರಟು ಹುಡುಗರಿಂದ ತಮ್ಮ ಹೆಸರಿಗೆ ಮಸಿ ಹತ್ತೀತೆಂದು ಅಂಜಿ ಅವರು ಬಾಗಿಲು ಹಾಕಿಕೊಂಡರು. ಬೋ ಬಡಾವಣೆಯ ವೈಲಿ ಎಂಬ ಎಂ.ಸಿ. ತನ್ನ ಸಂಗೀತವನ್ನು ಎಸ್ಕಿಬೀಟ್ ಎಂದು ಕರೆದುಕೊಂಡು, ಇದು ಗ್ಯಾರೇಜ್ ಅಲ್ಲವೆಂಬುದನ್ನೇ ವಸ್ತುವಾಗಿಸಿ 2004ರಲ್ಲೊಂದು ಹಾಡನ್ನು ಮಾಡಿದುದಕ್ಕೆ ಇದೇ ಹಿನ್ನೆಲೆ. ಅದಕ್ಕೆ ಒಂದು ವರ್ಷ ಮುಂಚೆ, ಅವನ ಗರಡಿಯಲ್ಲಿ ಬೆಳೆದ ಡಿಜ್ಜಿ ರಾಸ್ಕಲ್, ಹಲವು ಶಾಲೆಗಳಿಂದ ಹೊರದೂಡಲ್ಪಟ್ಟು ಕಡೆಗೊಂದು ಶಾಲೆಯ ಕಂಪ್ಯೂಟರಿನಲ್ಲಿ ಸ್ವರ ಜೋಡಿಸಲು ಕಲಿತ ಹುಡುಗ, ‘ಬಾಯ್ ಇನ್ ಡ ಕಾರ್ನರ್’ ಎಂಬ ಆಲ್ಬಮ್ಮಿಗೆ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಯನ್ನು ಪಡೆದಾಗ ಅವನಿಗೆ 18 ವರ್ಷ. ಅದೇ ಬೇಸಗೆಯಲ್ಲಿ ಸೈಪ್ರಸ್ ದ್ವೀಪದಲ್ಲಿ ಅವನಿಗೆ ಚೂರಿಯ ಇರಿತವಾಯಿತು. ಗುರುಶಿಷ್ಯರ ಸ್ನೇಹವೂ ಅಲ್ಲಿಗೆ ಮುರಿಯಿತು.

ಪ್ರಶಸ್ತಿಯ ಬೆನ್ನಲ್ಲಿ ದಾರಿ ಸುಗಮವಾಗಬೇಕಾಗಿತ್ತು, ಆದುದು ವಿಪರೀತ. 2005ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 696ನೆಯ ಸಂಖ್ಯೆಯ ಅರ್ಜಿನಮೂನೆಯೊಂದನ್ನು ಬಳಕೆಗೆ ತಂದರು. ಡಿ.ಜೆ.ಗಳು, ಎಂ.ಸಿ.ಗಳು ಸೇರುವ ಕಾರ್ಯಕ್ರಮವಾದರೆ ಹದಿನಾಲ್ಕು ದಿನ ಮುಂಚಿತವಾಗಿ ಅವರ ಹೆಸರು, ಅಡ್ಡಹೆಸರು, ದೂರವಾಣಿ ಸಂಖ್ಯೆಗಳನ್ನೆಲ್ಲ ಬರೆದುಕೊಡಬೇಕು. ನುಡಿಸುವುದು ಯಾವ ಬಗೆಯ ಸಂಗೀತವೆಂದೂ, ಬರುವ ಜನ ಯಾವ ಜನಾಂಗದವರೆಂದೂ ತಿಳಿಸಬೇಕು. ಕಡೆಯ ಎರಡು ಪ್ರಶ್ನೆಗಳನ್ನು ಕೆಲವು ವರ್ಷಗಳ ಮೇಲೆ ಆಕ್ಷೇಪಗಳಿಗೆ ಮಣಿದು ಕೈಬಿಟ್ಟರಾದರೂ ಕ್ಲಬ್ಬುಗಳ ಯಜಮಾನರಿಗೆ ಸೂಚನೆ ಮನವರಿಕೆಯಾಗಿತ್ತು. ಕೂಟವೊಂದರಲ್ಲಿ ಜಗಳವಾಗುವುದೇ ಇಲ್ಲವೆಂದು ನಾನು ವಾದಿಸಲಾರೆ. ಆಗುತ್ತಿತ್ತು, ಕೆಲವೊಮ್ಮೆ ರಕ್ತವೂ ಹರಿಯುತ್ತಿತ್ತು. ಆದರೆ ಗಲಭೆ ಮಾಡಿದವನನ್ನು ಹಿಡಿಯುವ ಬದಲು ಹಾಡುವವನ ವೇದಿಕೆಯನ್ನು ಕಿತ್ತುಕೊಂಡರೆ ಹಾಡುವವನು ಹೋಗುವುದೆಲ್ಲಿಗೆ?

ಹೋದುದು ಮಾರಾಟಪಟ್ಟಿಯ ಕಡೆಗೆ. 2008ರಲ್ಲಿ ಡಿಜ್ಜಿ, ಕ್ಯಾಲ್ವಿನ್ ಹ್ಯಾರಿಸ್ ಎಂಬ ನರ್ತನ ಸಂಗೀತಕಾರನೊಡಗೂಡಿ ಮಾಡಿದ ಹಾಡು ಪ್ರಥಮಸ್ಥಾನಕ್ಕೇರಿತು. ವೈಲಿಯ ಕೈಗಡಿಯಾರದ ಹಾಡು ಎರಡನೆಯ ಸ್ಥಾನದವರೆಗೆ ನಡೆಯಿತು. ಮರುವರ್ಷ ಟಿಂಚಿ ಸ್ಟ್ರೈಡರ್ ಎಂಬ ಎಂ.ಸಿ., ಅದರ ಮರುವರ್ಷ ರೋಲ್ ಡೀಪ್ ತಂಡ. ಹಾಡುಗಳೆಲ್ಲ ಒಂದೇ ಅಚ್ಚಿನವು: ಕುಣಿತಕ್ಕೊದಗುವ ಲಯ, ನಡುವೆ ಮಧುರವಾದೊಂದು ಪಲ್ಲವಿ, ಸಂದುಗಳಲ್ಲಿ ಎಂ.ಸಿ.ಯ ಮಾತು. ಹಣ ಬಂದಿತು, ಊರ ಹುಡುಗರ ನಿಂದೆಯೂ ಬಂದಿತು. ತಮ್ಮತನವನ್ನು ಮಾರಿಕೊಂಡರೆಂಬ ಈ ನಿಂದೆಯನ್ನು ಗ್ರೈಮ್ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎತ್ತಿಹಿಡಿದಿದ್ದಾರೆ. ಆ ಹಾಡುಗಳು ಬಡವಾಗಿದ್ದುವೆಂಬುದನ್ನು ನಾನೂ ಒಪ್ಪುತ್ತೇನೆ. ಚಾರಿತ್ರ್ಯದ ದೌರ್ಬಲ್ಯದಿಂದ ಹುಟ್ಟಿದುವೆಂಬುದನ್ನು ಮಾತ್ರ ಒಪ್ಪಲಾರೆ. ಸಣ್ಣ ಕೂಟಗಳ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ತೆರೆದಿದ್ದುದು ದೊಡ್ಡ ಅಂಗಡಿಯ ಬಾಗಿಲೊಂದೇ. ಅದರೊಳಗೆ ಹೊಕ್ಕವರನ್ನು ಹೊಕ್ಕುದಕ್ಕಾಗಿ ಜರೆಯುವುದು ಸುಲಭ. ವೈಲಿಗಂತೂ ಆ ಬಾಳು ಒಗ್ಗಲಿಲ್ಲ. 2010ರಲ್ಲಿ ತನ್ನ ವ್ಯವಸ್ಥಾಪಕನನ್ನು ಬಿಟ್ಟುಹಾಕಿ, ಪ್ರಕಟವಾಗದೆ ಉಳಿದಿದ್ದ 200ಕ್ಕೂ ಮಿಕ್ಕ ರಚನೆಗಳನ್ನು 11 ಜಿಪ್ ಕಡತಗಳಲ್ಲಿ ತುಂಬಿ, ಬೇಕಾದವರು ಕೊಂಡೊಯ್ಯಲೆಂದು ಅಂತರಜಾಲದಲ್ಲಿ ಸುರಿದುಬಿಟ್ಟನು. ಸಾಹುಕಾರರ ಮೇಲಣ ಕೋಪವೋ ಕಲೆಯ ಔದಾರ್ಯವೋ, ಎರಡೂ ಇದ್ದಿರಬಹುದು.

ಮರಳುವ ದಾರಿಯನ್ನು ತೋರಿದವನು ಉತ್ತರ ಲಂಡನ್ನಿನ ಟಾಟನಮ್ಮಿನವನಾದ ಸ್ಕೆಪ್ಟ. ನೈಜೀರಿಯದಿಂದ ಬಂದ ದಂಪತಿಗಳ ಮಗನಾದ ಈತನೂ ಅಚ್ಚಿನ ಹಾಡುಗಳ ಕಾಲದಲ್ಲಿ ತನ್ನ ಪಾಲನ್ನು ಸಲ್ಲಿಸಿದವನೇ. 2014ರಲ್ಲಿ ತಮ್ಮನಾದ ಜೆ.ಎಂ.ಇ.ಯನ್ನು ಜೊತೆಗಿಟ್ಟುಕೊಂಡು, ಆ ಬೆಲೆಬಾಳುವ ಉಡುಪುಗಳ ಮನುಷ್ಯ ನಾನಲ್ಲವೆಂದು ಸಾರುವ ಹಾಡೊಂದನ್ನು ಮಾಡಿದನು. ಅದರ ಚಿತ್ರೀಕರಣಕ್ಕೆ ತಗುಲಿದ ವೆಚ್ಚ 80 ಪೌಂಡು. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಮ್ಮದೇ ಸಂಸ್ಥೆಯಿಂದ 2016ರಲ್ಲಿ ಹೊರತಂದ ‘ಕೊನ್ನಿಚಿವ’ ಆಲ್ಬಮ್ಮಿಗೆ ಮರ್ಕ್ಯುರಿ ಪ್ರಶಸ್ತಿ ಬಂದಿತು. ಮರುವರ್ಷ ಸ್ಟಾರ್ಮ್ಜಿ ಎಂಬ ಎಂ.ಸಿ.ಯ ಮೊದಲ ಆಲ್ಬಮ್ ಮಾರಾಟಪಟ್ಟಿಯ ಶಿಖರವನ್ನೇರಿದುದೂ, ಆ ವರ್ಷದ ನವೆಂಬರಿನಲ್ಲಿ 696ನೆಯ ನಮೂನೆ ರದ್ದಾದುದೂ ಒಂದೇ ಕಾಲದ ಸಂಗತಿಗಳು. ಹನ್ನೆರಡು ವರ್ಷ ಬಾಳಿದ ಆ ಕಾಗದಕ್ಕಾಗಿ ಯಾರೂ ದಂಡ ತೆರಲಿಲ್ಲ.

ಹೀಗೆ ಬಗೆದು ನೋಡುವಾಗ, ಗ್ರೈಮ್‌ನವರ ಮೇಲೆ ಹೊರಿಸಲಾದ ಅಪರಾಧಗಳಲ್ಲಿ ಅರ್ಧದಷ್ಟು ಅವರವಲ್ಲವೆಂದು ನಾನು ಹೇಳಿದರೆ, ಉಳಿದರ್ಧವನ್ನು ಮುಚ್ಚಿಡುವುದೂ ನ್ಯಾಯವಲ್ಲ. ಎದುರಾಳಿಯನ್ನು ಮಾತಿನಿಂದ ಕೆಡವುವ ವಿದ್ಯೆ ವೇದಿಕೆಯಿಂದಿಳಿದು, ಸ್ವಭಾವವಾಗಿ, ಎದುರು ನಿಂತಿರದ ಜನರ ಮೇಲೂ ತಿರುಗಬಲ್ಲುದು. 2018ರಲ್ಲಿ ರಾಜಮರ್ಯಾದೆಯ ಎಂ.ಬಿ.ಇ. ಪದವಿಯನ್ನು ಪಡೆದಿದ್ದ ವೈಲಿ, 2020ರ ಜುಲೈ ತಿಂಗಳಲ್ಲಿ ಯೆಹೂದ್ಯರ ಮೇಲೆ ದ್ವೇಷದ ಮಾತುಗಳನ್ನು ಒಂದರಮೇಲೊಂದರಂತೆ ಟ್ವಿಟರಿನಲ್ಲಿ ಬರೆದನು. ಅದಕ್ಕೆ ಪೊಲೀಸರನ್ನಾಗಲಿ, ಕಂಪನಿಗಳನ್ನಾಗಲಿ, ಬೋ ಬಡಾವಣೆಯ ಬಡತನವನ್ನಾಗಲಿ ಹೊಣೆ ಮಾಡುವಂತಿಲ್ಲ. ಆ ತಪ್ಪು ಸಂಪೂರ್ಣವಾಗಿ ಅವನದು. 2024ರಲ್ಲಿ ಆ ಪದವಿಯನ್ನು ಹಿಂದಕ್ಕೆ ಪಡೆಯಲಾಯಿತು.