ಆನ್ಸನ್ ಬರ್ಲಿಂಗೇಮ್: ಎರಡು ರಾಷ್ಟ್ರಗಳ ರಾಯಭಾರಿ

ರಾಯಭಾರಿಯಾಗಿ ಪರದೇಶಕ್ಕೆ ತೆರಳಿದವನು ಆ ದೇಶದ ಪ್ರತಿನಿಧಿಯಾಗಿಯೇ ತಾಯ್ನಾಡಿಗೆ ಮರಳಿದ ನಿದರ್ಶನಗಳು ಇತಿಹಾಸದಲ್ಲಿ ವಿರಳ. ಆನ್ಸನ್ ಬರ್ಲಿಂಗೇಮನ (1820-1870) ವೃತ್ತಿಜೀವನ ಅಂತಹುದೊಂದು ನಿದರ್ಶನ. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿ, ಹಾರ್ವರ್ಡಿನಲ್ಲಿ ಕಾನೂನು ವ್ಯಾಸಂಗ ಮಾಡಿದ ಈತ 1855ರಲ್ಲಿ ಮ್ಯಾಸಚೂಸೆಟ್ಸಿನಿಂದ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದನು. ಆತನನ್ನು ಆರಿಸಿದ್ದು ವಲಸೆಗಾರರನ್ನು ವಿರೋಧಿಸುತ್ತಿದ್ದ ಅಮೆರಿಕನ್ ಪಕ್ಷವೆಂಬುದು ಗಮನಾರ್ಹ. ಬಳಿಕ ರಿಪಬ್ಲಿಕನ್ ಪಕ್ಷವನ್ನು ಸೇರಿದನು. 1856ರಲ್ಲಿ ಗುಲಾಮಗಿರಿಯ ವಿರೋಧಿ ಚಾರ್ಲ್ಸ್ ಸಮ್ನರನನ್ನು ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಸಭಾಂಗಣದಲ್ಲೇ ಬೆತ್ತದಿಂದ ಥಳಿಸಿದಾಗ ಬರ್ಲಿಂಗೇಮ್ ಆ ಕೃತ್ಯವನ್ನು ಕಟುವಾಗಿ ಖಂಡಿಸಿದನು. ಬ್ರೂಕ್ಸ್ ದ್ವಂದ್ವಯುದ್ಧಕ್ಕೆ ಕರೆದನು. ಬರ್ಲಿಂಗೇಮ್ ಕೆನಡಾದ ನೆಲವನ್ನೂ ಬಂದೂಕನ್ನೂ ಆರಿಸಿಕೊಂಡಾಗ ಬ್ರೂಕ್ಸನೇ ಹಿಂಜರಿದನು.

1860ರ ಚುನಾವಣೆಯಲ್ಲಿ ಸೋತ ಈತನನ್ನು ಲಿಂಕನ್ ಆಸ್ಟ್ರಿಯಾಕ್ಕೆ ನೇಮಿಸಿದನು. ಹಂಗೇರಿಯ ಸ್ವಾತಂತ್ರ್ಯವನ್ನು ಬೆಂಬಲಿಸಿದವನೆಂದು ಆ ಸರ್ಕಾರ ಆತನನ್ನು ಒಪ್ಪಲಿಲ್ಲ. ಹೀಗಾಗಿ 1861ರಲ್ಲಿ ಚೀನಾಕ್ಕೆ ನಿಯುಕ್ತನಾದನು. ಅಲ್ಲಿ ಬಲಪ್ರಯೋಗಕ್ಕೆ ಬದಲಾಗಿ ಸಹಕಾರದ ನೀತಿಯನ್ನು ಪ್ರತಿಪಾದಿಸಿ ಚಿಂಗ್ ಆಸ್ಥಾನದ ವಿಶ್ವಾಸ ಗಳಿಸಿದನು. 1867ರಲ್ಲಿ ಅವನು ಪದವಿ ತ್ಯಜಿಸುವ ಸಂದರ್ಭದಲ್ಲಿ ಚೀನಾವೇ ಅವನನ್ನು ಪಾಶ್ಚಾತ್ಯ ರಾಷ್ಟ್ರಗಳಿಗೆ ತನ್ನ ದೂತನನ್ನಾಗಿ ಕಳುಹಿಸಿತು. ಜತೆಗೆ ಝಿಗಾಂಗ್ ಮತ್ತು ಸುನ್ ಜಿಯಾಗು ಎಂಬ ಇಬ್ಬರು ಚೀನೀ ದೂತರೂ ಇದ್ದರು.

1868ರ ಜುಲೈ 28ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ಒಪ್ಪಂದವು ವಾಸಸ್ಥಾನವನ್ನೂ ರಾಜನಿಷ್ಠೆಯನ್ನೂ ಬದಲಿಸಿಕೊಳ್ಳುವುದು ಮನುಷ್ಯನ ಸಹಜ ಹಕ್ಕೆಂದು ಒಪ್ಪಿತು. ಚೀನಾದ ಆಂತರಿಕ ವ್ಯವಹಾರದಲ್ಲಿ ತಲೆಹಾಕುವುದಿಲ್ಲವೆಂದೂ ಸಾರಿತು. ವಲಸೆ ವಿರೋಧಿ ಪಕ್ಷದಿಂದ ಆರಿಸಿ ಬಂದಿದ್ದವನ ಹೆಸರು ಮುಕ್ತ ವಲಸೆಯ ಒಪ್ಪಂದಕ್ಕೆ ಅಂಟಿಕೊಂಡಿತು. ಆದರೆ ಇದನ್ನು ಕೇವಲ ಔದಾರ್ಯವೆಂದು ಬಗೆಯಲಾಗದು. ಪೆಸಿಫಿಕ್ ರೈಲುಮಾರ್ಗದ ನಿರ್ಮಾಣದಲ್ಲಿ ಚೀನೀ ಕಾರ್ಮಿಕರು ಆಗ ಸಾವಿರಾರು ಸಂಖ್ಯೆಯಲ್ಲಿ ದುಡಿಯುತ್ತಿದ್ದರು. ಅವರಿಗೆ ಪ್ರವೇಶ ದೊರೆಯಿತೇ ಹೊರತು, ಪೌರತ್ವದ ಹಕ್ಕನ್ನು ಒಪ್ಪಂದ ನೀಡಲಿಲ್ಲ.

ಯುರೋಪಿನ ರಾಜಧಾನಿಗಳನ್ನು ಸುತ್ತಿ, 1870ರ ಫೆಬ್ರವರಿ 23ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬರ್ಲಿಂಗೇಮ್ ನಿಧನನಾದನು. 1880ರ ಹೊಸ ಒಪ್ಪಂದ ಚೀನೀ ಕಾರ್ಮಿಕರ ವಲಸೆಯನ್ನು ನಿರ್ಬಂಧಿಸಲು ಅಮೆರಿಕಕ್ಕೆ ಅಧಿಕಾರ ಕೊಟ್ಟಿತು. 1882ರ ಬಹಿಷ್ಕಾರ ಶಾಸನ ಬಾಗಿಲನ್ನೇ ಮುಚ್ಚಿತು. ಅದು ರದ್ದಾದುದು 1943ರಲ್ಲಿ. ದುಡಿಮೆಯನ್ನು ಬರಮಾಡಿಕೊಂಡು ದುಡಿಯುವವನನ್ನು ಹೊರಗಿನವನಾಗಿಯೇ ಉಳಿಸಿದ ಒಪ್ಪಂದ ಬಹುಕಾಲ ಬಾಳಲಾರದೆಂಬುದು ಈ ಚರಿತ್ರೆಯಿಂದ ನಾವು ಗ್ರಹಿಸಬಹುದಾದ ಸಂಗತಿ. ಬರ್ಲಿಂಗೇಮನ ಸಾಧನೆ ಮತ್ತು ಅದರ ಮಿತಿ, ಎರಡೂ ಒಂದೇ ಪತ್ರದಲ್ಲಿ ಅಡಕವಾಗಿವೆ.