ಲಿನಕ್ಸ್ ಡಿಸ್ಕ್ ತಂತ್ರಾಂಶಗಳಲ್ಲಿ ಕಂಪೈಲರ್ ಎಚ್ಚರಿಕೆಗಳು

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಸಿ.ಡಿ. ಮತ್ತು ಡಿ.ವಿ.ಡಿ. ಡ್ರೈವ್‌ಗಳನ್ನು ನಿಯಂತ್ರಿಸುವ ತಂತ್ರಾಂಶಗಳು ಬಹುಪಾಲು ಸಿ ಭಾಷೆಯಲ್ಲಿವೆ. ಡಿಸ್ಕನ್ನು ಹೊರತಳ್ಳುವ 'ಇಜೆಕ್ಟ್', ಡಿಸ್ಕಿಗೆ ದತ್ತಾಂಶ ಬರೆಯುವ 'ವೋಡಿಮ್' ಇಂಥವು. ಇವುಗಳ ಸೋರ್ಸ್ ಕೋಡನ್ನು ಯಂತ್ರಭಾಷೆಗೆ ಪರಿವರ್ತಿಸುವಾಗ, ಸಂಶಯಾಸ್ಪದ ಸಾಲುಗಳ ಬಗ್ಗೆ ಕಂಪೈಲರ್ ನೀಡುವ ಸೂಚನೆಯನ್ನು ಎಚ್ಚರಿಕೆ ಎನ್ನುತ್ತಾರೆ. ಎಚ್ಚರಿಕೆ ಬಂದರೂ ಸಾಮಾನ್ಯವಾಗಿ ತಂತ್ರಾಂಶ ಸಿದ್ಧವಾಗುತ್ತದೆ. ಆದರೆ ಅದರ ಹಿಂದೆ ದತ್ತಾಂಶವನ್ನೇ ಕೆಡಿಸುವ ದೋಷವಿರಬಹುದು.

ಸಾಮಾನ್ಯ ದೋಷಗಳು

ಏಕಪದರದ ಡಿ.ವಿ.ಡಿ.ಯ ಸಾಮರ್ಥ್ಯ ಸುಮಾರು 470 ಕೋಟಿ ಬೈಟ್. 32 ಬಿಟ್‌ಗಳ ಸಾಮಾನ್ಯ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ ಸುಮಾರು 214 ಕೋಟಿ. ಡಿಸ್ಕಿನ ಗಾತ್ರವನ್ನು ಅಂಥ ಪೂರ್ಣಾಂಕದಲ್ಲಿಟ್ಟರೆ ಲೆಕ್ಕ ತಪ್ಪುತ್ತದೆ. ಬಲವಂತದ ವಿಧ ಪರಿವರ್ತನೆಯಿಂದ ಎಚ್ಚರಿಕೆ ಮರೆಯಾಗುತ್ತದೆ, ದೋಷ ಉಳಿಯುತ್ತದೆ. 64 ಬಿಟ್‌ಗಳ ಪೂರ್ಣಾಂಕವನ್ನು ಬಳಸುವುದೇ ಸರಿಯಾದ ಪರಿಹಾರ. ಹಾಗೆಯೇ, ಬರೆಯುವ ಫಂಕ್ಷನ್ ಹಿಂದಿರುಗಿಸುವ ಮೌಲ್ಯವನ್ನು ಪರೀಕ್ಷಿಸದಿದ್ದರೆ, ಜಾಗ ಸಾಲದೆ ಪ್ರತಿ ಅಪೂರ್ಣವಾದರೂ ಬಳಕೆದಾರರಿಗೆ ತಿಳಿಯುವುದಿಲ್ಲ.

ಹಳೆಯ ಸೋರ್ಸ್ ಕೋಡ್

ಘೋಷಿಸದ ಫಂಕ್ಷನ್ ಪೂರ್ಣಾಂಕವನ್ನು ಹಿಂದಿರುಗಿಸುತ್ತದೆಂದು ಹಳೆಯ ಕಂಪೈಲರ್‌ಗಳು ಭಾವಿಸುತ್ತಿದ್ದವು. ಅದು ವಾಸ್ತವವಾಗಿ ಸ್ಮೃತಿವಿಳಾಸವನ್ನು ಹಿಂದಿರುಗಿಸುವುದಾದರೆ, 64 ಬಿಟ್ ಗಣಕದಲ್ಲಿ ವಿಳಾಸದ ಅರ್ಧಭಾಗ ಕಳೆದುಹೋಗಿ ತಂತ್ರಾಂಶ ಕುಸಿಯಬಹುದು. 1999ರ ಸಿ ಮಾನಕ ಈ ಪದ್ಧತಿಯನ್ನು ಕೈಬಿಟ್ಟಿತು. 2024ರಲ್ಲಿ ಬಿಡುಗಡೆಯಾದ ಜಿಸಿಸಿ 14 ಇದನ್ನು ಎಚ್ಚರಿಕೆಯಿಂದ ದೋಷದ ಮಟ್ಟಕ್ಕೆ ಏರಿಸಿತು. ಆದ್ದರಿಂದ ನಿರ್ವಾಹಕರಿಲ್ಲದ ಹಳೆಯ ತಂತ್ರಾಂಶಗಳಿಗೆ ಸೂಕ್ತ ಹೆಡರ್ ಕಡತಗಳನ್ನು ಸೇರಿಸುವುದು ಅನಿವಾರ್ಯವಾಯಿತು. ಪ್ರತ್ಯೇಕವಾಗಿದ್ದ 'ಇಜೆಕ್ಟ್' 2012ರಲ್ಲಿ 'ಯುಟಿಲ್-ಲಿನಕ್ಸ್' ಸಂಗ್ರಹಕ್ಕೆ ಸೇರಿ, ಅಲ್ಲಿಯೇ ನಿರ್ವಹಣೆ ಪಡೆಯುತ್ತಿದೆ.