ಕಾಫಿ ತೋಟಕ್ಕೆ ಬಂದ ಆಸ್ಟ್ರೇಲಿಯದ ಗುಲಗಂಜಿ ಹುಳು

ಪೀಡೆಯಾದ ಕೀಟವನ್ನು ಅದರ ಸಹಜ ಶತ್ರುವಿನಿಂದಲೇ ಹತೋಟಿಗೆ ತರುವ ವಿಧಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕ್ಯಾಲಿಫೋರ್ನಿಯದಿಂದ ಆರಂಭಿಸಿ, ಗೆಲುವುಗಳನ್ನೇ ಒಂದರ ಮುಂದೊಂದು ಪೋಣಿಸುತ್ತಾರೆ. ಸೋತ ಪ್ರಯತ್ನಗಳಿಗೆ ಅಲ್ಲಿ ಒಂದು ಸಾಲಿನ ಸ್ಥಳ ದೊರೆತರೆ ಹೆಚ್ಚು. 1898ರಲ್ಲಿ ದಕ್ಷಿಣ ಭಾರತದಲ್ಲಿ ನಡೆದ ಪ್ರಯತ್ನವೊಂದು ಈ ಬಗೆಯದು. ಅದನ್ನು ಸೋಲೆಂದು ಕರೆಯಬಹುದೇ ಎಂಬುದನ್ನು ಇಲ್ಲಿ ಪರಿಶೀಲಿಸಿದೆ.

ಕ್ಯಾಲಿಫೋರ್ನಿಯದ ವೃತ್ತಾಂತ ಪ್ರಸಿದ್ಧವಾದುದು. ಹತ್ತಿಯಂತಹ ಬಿಳಿಯ ಅಂಡಚೀಲವನ್ನು ಹೊರುವ, ಆಸ್ಟ್ರೇಲಿಯ ಮೂಲದ ಶಲ್ಕ ಕೀಟವೊಂದು 1880ರ ದಶಕದಲ್ಲಿ ಅಲ್ಲಿಯ ಕಿತ್ತಳೆ ತೋಟಗಳನ್ನು ಹಾಳುಗೆಡಹುತ್ತಿತ್ತು. ಅಮೆರಿಕದ ಕೃಷಿ ಇಲಾಖೆಯ ಸಿ. ವಿ. ರೈಲಿಯವರು 1888ರಲ್ಲಿ ಆಲ್ಬರ್ಟ್ ಕೋಬೆಲೆಯವರನ್ನು ಆಸ್ಟ್ರೇಲಿಯಕ್ಕೆ ಕಳುಹಿಸಿದರು. ಇಲಾಖೆಯವರ ವಿದೇಶ ಪ್ರಯಾಣಕ್ಕೆ ಶಾಸನಸಭೆಯ ನಿರ್ಬಂಧವಿದ್ದುದರಿಂದ ಮೆಲ್ಬರ್ನಿನ ವಸ್ತುಪ್ರದರ್ಶನದ ನೆವವನ್ನು ಹೂಡಬೇಕಾಯಿತು! ಅವರು ಕಳುಹಿಸಿದ ಮೊದಲ 129 ವೆಡೇಲಿಯ ಹುಳುಗಳನ್ನು ಲಾಸ್ ಏಂಜಲೀಸಿನಲ್ಲಿ ಗುಡಾರ ಹೊದಿಸಿದ ಕಿತ್ತಳೆ ಮರದ ಮೇಲೆ ಬಿಡಲಾಯಿತು. 1889 ಮುಗಿಯುವಷ್ಟರಲ್ಲಿ ಪೀಡೆ ಅಡಗಿತು. ಗುಲಗಂಜಿ ಹುಳುಗಳನ್ನು ತರಿಸುವ ಉತ್ಸಾಹ ಅನಂತರ ಅನೇಕ ದೇಶಗಳಿಗೆ ಹಬ್ಬಿತು.

ಆ ಕಾಲದಲ್ಲಿ ದಕ್ಷಿಣ ಭಾರತದ ಕಾಫಿ ಗಿಡಗಳನ್ನು ಹಸಿರು ಶಲ್ಕ ಕೀಟ ಪೀಡಿಸುತ್ತಿತ್ತು. 1898ರಲ್ಲಿ ಎಚ್. ಓ. ನ್ಯೂಪೋರ್ಟ್ ಎಂಬವರು ಇದರ ನಿವಾರಣೆಗೆಂದು ಆಸ್ಟ್ರೇಲಿಯದಿಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ತರಿಸಿದರು. ಕಪ್ಪು ರೆಕ್ಕೆಯ, ಕಿತ್ತಳೆ ಬಣ್ಣದ ತಲೆಯ ಸಣ್ಣ ಜೀವಿಯಿದು. ಹಸಿರು ಶಲ್ಕ ಕೀಟ ಇದರಿಂದ ಹತೋಟಿಗೆ ಬರಲಿಲ್ಲ. ಕಾರಣವನ್ನು ಈಗ ಊಹಿಸುವುದು ಕಷ್ಟವಲ್ಲ. ಈ ಹುಳುವಿನ ಹೆಣ್ಣು ಹಿಟ್ಟುತಿಗಣೆಯ ಮೇಣದ ಎಳೆಗಳ ನಡುವೆ, ಅದರ ಅಂಡಚೀಲದ ಬಳಿ, ಮೊಟ್ಟೆಯಿಡಲು ಇಚ್ಛಿಸುತ್ತದೆ. ಹಸಿರು ಶಲ್ಕ ಕೀಟದ ಮೈಯಲ್ಲಿ ಅಂತಹ ಎಳೆಗಳಿಲ್ಲ. ಒಂದು ಗುಲಗಂಜಿ ಹುಳು ಗೆದ್ದಿತೆಂದು ಇನ್ನೊಂದರಿಂದಲೂ ಅದೇ ಫಲವನ್ನು ನಿರೀಕ್ಷಿಸುವುದು, ಅದರ ನಡೆವಳಿಕೆಯನ್ನು ತಿಳಿಯದಿದ್ದಾಗ, ಅದೃಷ್ಟವನ್ನು ನೆಚ್ಚಿದಂತೆಯೇ ಸರಿ.

ಆದರೆ ಹುಳು ನಾಶವಾಗಲಿಲ್ಲ. ದಕ್ಷಿಣ ಭಾರತದಲ್ಲಿ ನೆಲೆಸಿ, ಹಿಟ್ಟುತಿಗಣೆಗಳನ್ನು ತಿಂದು ಬದುಕಿತು. ಮುಂದೆ ಬೆಂಗಳೂರಿನ ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯಲ್ಲಿ, ಸಿಹಿಕುಂಬಳಕಾಯಿಯ ಮೇಲೆ ಹಿಟ್ಟುತಿಗಣೆಗಳನ್ನು ಬೆಳೆಸಿ, ಅವುಗಳನ್ನೇ ಆಹಾರವಾಗಿ ಕೊಟ್ಟು ಇದನ್ನು ವಿಪುಲವಾಗಿ ವೃದ್ಧಿಪಡಿಸಿ ದ್ರಾಕ್ಷಿ, ಸೀಬೆ ಮುಂತಾದ ತೋಟಗಳಿಗೆ ಬಿಡುವ ಕ್ರಮ ರೂಢಿಗೆ ಬಂದಿತು. ಕಾಫಿಯ ಹಿಟ್ಟುತಿಗಣೆಗೂ ಇದನ್ನು ಬಳಸಲಾಯಿತು. ತೋಟ ಒಂದೇ, ಶತ್ರು ಮಾತ್ರ ಬೇರೆ.

ಇದರ ಬಳಕೆಯಲ್ಲಿ ಎರಡು ತೊಡಕುಗಳಿವೆ. ಅಂಟುಸಿಹಿಯ ಆಸೆಗೆ ಹಿಟ್ಟುತಿಗಣೆಯನ್ನು ಕಾಯುವ ಇರುವೆಗಳು ಈ ಹುಳುವನ್ನು ಅಟ್ಟಿಬಿಡುತ್ತವೆ. ಆದುದರಿಂದ ಮೊದಲು ಇರುವೆಗಳನ್ನು ತಡೆಯಬೇಕು. ಎರಡನೆಯದು, ಇದರ ಮರಿಹುಳುವಿನ ಮೈಮೇಲೂ ಬಿಳಿಯ ಮೇಣದ ಎಳೆಗಳಿರುವುದರಿಂದ ಅದು ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ಪೀಡೆಯೆಂದು ಭ್ರಮಿಸಿ ಮಿತ್ರನನ್ನೇ ಹೊಸಕಿಹಾಕುವ ಸಂಭವವುಂಟು.

ಇನ್ನು 1898ರ ಮೂಲ ವೈರಿಯಾದ ಹಸಿರು ಶಲ್ಕ ಕೀಟದ ಮಾತು. ಮಳೆಗಾಲದಲ್ಲಿ ಕಾಫಿ ತೋಟದಲ್ಲಿ ಎಲೆಯನ್ನು ಮಗುಚಿ ನೋಡಿದರೆ, ಸತ್ತ ಶಲ್ಕ ಕೀಟಗಳ ಸುತ್ತ ಬಿಳಿಯ ಅಂಚು ಕಟ್ಟಿರುವುದು ಅನೇಕ ವೇಳೆ ಕಣ್ಣಿಗೆ ಬೀಳುತ್ತದೆ. ಅದು ತೋಟದ ತೇವದಲ್ಲಿ ತಾನಾಗಿ ಹರಡುವ ಒಂದು ಶಿಲೀಂಧ್ರದ ಕೆಲಸ.